ಸ್ವಿಚ್‌ಗಳ ನಡುವೆ ಎರಡು ಕೇಬಲ್, ಕರೆಂಟ್ ಬಂದ ಮೇಲೆ ಬೇಗ ನೆಟ್: ಹಂತ ಹಂತವಾಗಿ

ಹಾಸನ, ಸಕಲೇಶಪುರ, ಬೇಲೂರು ಕಡೆಯಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಎರಡು ಪದೇ ಪದೇ ಬರುತ್ತವೆ. ಮೊದಲನೆಯದು: "ಕೆಳಗಿನ ಸ್ವಿಚ್‌ನಿಂದ ಮೇಲಿನ ಸ್ವಿಚ್‌ಗೆ ಇನ್ನೊಂದು ಕೇಬಲ್ ಎಳೆದೆವು ಸಾರ್, ಸ್ಪೀಡ್ ಡಬಲ್ ಆಗ್ಲಿ ಅಂತ. ಇಡೀ ಆಫೀಸಿನ ನೆಟ್ ನಿಂತೇ ಹೋಯ್ತು." ಎರಡನೆಯದು: "ಕರೆಂಟ್ ಹೋಗಿ ಬಂದ್ರೆ ಬಿಲ್ಲಿಂಗ್ ಕಂಪ್ಯೂಟರ್‌ಗೆ ನೆಟ್ ಬರೋಕೆ ಏಳೆಂಟು ನಿಮಿಷ ಬೇಕು. ಕೌಂಟರ್ ಮುಂದೆ ಜನ ನಿಂತಿರ್ತಾರೆ. ಏನು ಮಾಡೋದು?"

ಎರಡಕ್ಕೂ ಉತ್ತರ ಬಹುಪಾಲು ಸ್ವಿಚ್‌ನ, ಅಂದರೆ ಕಂಪ್ಯೂಟರ್‌ಗಳ ನೆಟ್ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆಯ, ಸೆಟ್ಟಿಂಗ್‌ನಲ್ಲೇ ಇದೆ. ಹೊಸ ಸ್ವಿಚ್ ಕೊಳ್ಳಲು ಹೊರಡುವ ಮೊದಲು ಇದನ್ನು ಪೂರ್ತಿ ಓದಿ. ಒಂದು ಮಾತನ್ನು ಮಾತ್ರ ಮೊದಲೇ ಹೇಳುತ್ತೇನೆ. ಸ್ಪೀಡ್ ಎಲ್ಲಿ ಕಡಿಮೆಯಾಗುತ್ತಿದೆ, ಸಮಯ ಎಲ್ಲಿ ಸೋರುತ್ತಿದೆ ಅಂತ ಅಳೆದು ನೋಡದೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ.

ಲೇಖನದ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಹಾಸನದ ಬಿ.ಎಂ. ರಸ್ತೆಯಲ್ಲಿ ಎರಡು ಮಹಡಿಯ ಒಂದು ಬಟ್ಟೆ ಅಂಗಡಿ ಅಂದುಕೊಳ್ಳಿ. ಕೆಳಗಡೆ 24 ಪೋರ್ಟಿನ ಸ್ವಿಚ್, ಬಿಲ್ಲಿಂಗ್ ಸರ್ವರ್, ರೂಟರ್ ಇವೆ. ಮೇಲ್ಗಡೆ 16 ಪೋರ್ಟಿನ ಪಿಒಇ ಸ್ವಿಚ್ (ನೆಟ್ ಕೇಬಲ್‌ನಲ್ಲೇ ಕರೆಂಟನ್ನೂ ಕೊಡುವಂಥದ್ದು), ಎಂಟು ಕಂಪ್ಯೂಟರ್, ಕ್ಯಾಮೆರಾಗಳು, ವೈಫೈ ಪೆಟ್ಟಿಗೆಗಳು. ನಿಮ್ಮದು ಸಕಲೇಶಪುರದ ತೋಟದ ಆಫೀಸ್ ಇರಬಹುದು, ಅರಸೀಕೆರೆಯ ಶಾಲೆ ಇರಬಹುದು. ಲೆಕ್ಕ ಒಂದೇ.

ಕೈಯಲ್ಲಿ ಇರಬೇಕಾದದ್ದು

ಎರಡೂ ಕಡೆ ಮ್ಯಾನೇಜ್ಡ್ ಅಥವಾ ಸ್ಮಾರ್ಟ್ ಸ್ವಿಚ್ ಬೇಕು. ಅಂದರೆ ಬ್ರೌಸರ್‌ನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ ಬದಲಿಸಲು ಆಗುವಂಥದ್ದು. ಪ್ಲಗ್ ಹಾಕಿದರೆ ಸಾಕು, ಲಾಗಿನ್ನೇ ಇಲ್ಲ ಅನ್ನುವ ಸಾದಾ ಸ್ವಿಚ್‌ನಲ್ಲಿ ಇಲ್ಲಿ ಹೇಳುವ ಕೆಲಸ ಆಗುವುದಿಲ್ಲ. ಅದರ ನಡುವೆ ಎರಡು ಕೇಬಲ್ ಹಾಕಲೇಬೇಡಿ.

ಬ್ಯಾಟರಿ ಚೆನ್ನಾಗಿರುವ ಒಂದು ಲ್ಯಾಪ್‌ಟಾಪ್, ಸ್ವಿಚ್‌ನ ಪಾಸ್‌ವರ್ಡ್, ಇದ್ದರೆ ಕನ್ಸೋಲ್ ಕೇಬಲ್ (ಲ್ಯಾಪ್‌ಟಾಪ್‌ನಿಂದ ನೇರ ಸ್ವಿಚ್‌ಗೆ ಕಮಾಂಡ್ ಕೊಡಲು ಬಳಸುವುದು), ಮೂರ್ನಾಲ್ಕು ಒಳ್ಳೆಯ ಪ್ಯಾಚ್ ಕಾರ್ಡ್, ಒಂದು ನೋಟ್‌ಬುಕ್. ಕೆಲಸಕ್ಕೆ ಅಂಗಡಿ ಮುಚ್ಚಿದ ಮೇಲಿನ ಹೊತ್ತು ಆರಿಸಿಕೊಳ್ಳಿ. ಸುಮಾರು ಎರಡು ಗಂಟೆ ಇಟ್ಟುಕೊಳ್ಳಿ.

ಸಿಸ್ಕೊ ಮಾದರಿಯ ಕಮಾಂಡ್‌ಗಳನ್ನು ಕೆಲವು ಕಡೆ ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕು. ಟಿಪಿ-ಲಿಂಕ್, ಡಿ-ಲಿಂಕ್, ನೆಟ್‌ಗೇರ್, ಅರೂಬಾ ಬಳಸುವವರಿಗೆ ಇದೇ ಸೆಟ್ಟಿಂಗ್‌ಗಳು ಬ್ರೌಸರ್ ಪುಟದಲ್ಲಿ ಸಿಗುತ್ತವೆ.

ಹಂತ 1: ಮೊದಲು ಅಳೆಯಿರಿ

ಸ್ಪೀಡ್‌ನಿಂದ ಶುರು ಮಾಡೋಣ. ಮೇಲಿನ ಮಹಡಿಯ ಒಂದು ಕಂಪ್ಯೂಟರ್‌ನಿಂದ ಕೆಳಗಿನ ಸರ್ವರ್‌ಗೆ ಒಂದು ದೊಡ್ಡ ಫೈಲ್ ಕಾಪಿ ಮಾಡಿ. ಎರಡು ಜಿಬಿ ಇದ್ದರೆ ಒಳ್ಳೆಯದು. ಗಿಗಾಬಿಟ್ ಲಿಂಕ್ ಸರಿಯಾಗಿದ್ದು, ಡಿಸ್ಕ್‌ಗಳೂ ಚೆನ್ನಾಗಿದ್ದರೆ ಸೆಕೆಂಡಿಗೆ ಸುಮಾರು 110 ಎಂಬಿ ಹತ್ತಿರ ತೋರಿಸುತ್ತದೆ. ನಿಮಗೆ 11 ಎಂಬಿ ಆಸುಪಾಸಿನಲ್ಲೇ ನಿಂತಿದೆಯಾ? ಹಾಗಾದರೆ ನಿಮಗೆ ಲೋಡ್ ಬ್ಯಾಲೆನ್ಸಿಂಗ್, ಅಂದರೆ ಹೊರೆಯನ್ನು ಎರಡು ಕೇಬಲ್‌ಗೆ ಹಂಚುವುದು, ಬೇಕಿಲ್ಲ. ಎಲ್ಲೋ ಒಂದು ಕಡೆ ಲಿಂಕ್ 100 ಎಂಬಿಪಿಎಸ್‌ಗೆ ಇಳಿದಿದೆ (ಎಂಟು ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಒಂದು ಎಂಬಿ).

ಇದು ತುಂಬ ಕಡೆ ನೋಡುವ ತೊಂದರೆ. ಕೇಬಲ್‌ನೊಳಗೆ ಎಂಟು ತಂತಿ ಇರುತ್ತವೆ. 100 ಎಂಬಿಪಿಎಸ್‌ಗೆ ನಾಲ್ಕು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಕ್ರಿಂಪ್ ಮಾಡುವಾಗ, ಅಂದರೆ ಕೇಬಲ್ ತುದಿಗೆ ಪ್ಲಗ್ ಒತ್ತಿ ಕೂರಿಸುವಾಗ, ನೀಲಿ ಅಥವಾ ಕಂದು ಜೋಡಿಯ ಒಂದೇ ಒಂದು ತಂತಿ ಪಿನ್‌ಗೆ ತಾಗದಿದ್ದರೂ ಸ್ವಿಚ್ ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮಾಡುತ್ತಿರುತ್ತದೆ. ನೆಟ್ ಬರುತ್ತಿರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಸ್ವಿಚ್‌ನ ಪೋರ್ಟ್ ಪಟ್ಟಿಯಲ್ಲಿ ಸ್ಪೀಡ್ ಕಾಲಂ ನೋಡಿ. ಎರಡು ಸ್ವಿಚ್ ಸೇರಿಸುವ ಪೋರ್ಟ್‌ನಲ್ಲಿ 1000 ಇರಬೇಕು. ಇಲ್ಲದಿದ್ದರೆ ಎರಡೂ ತುದಿ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ. ಎಷ್ಟೋ ಜನರ ತೊಂದರೆ ಇಲ್ಲಿಗೇ ಮುಗಿಯುತ್ತದೆ.

ಕ್ಯಾಮೆರಾಗಳ ಬಗ್ಗೆ ಒಂದು ಲೆಕ್ಕ. ಒಂದು ಕ್ಯಾಮೆರಾ 4 ಎಂಬಿಪಿಎಸ್ ತೆಗೆದುಕೊಂಡರೆ 16 ಕ್ಯಾಮೆರಾಗೆ 64 ಎಂಬಿಪಿಎಸ್. ಗಿಗಾಬಿಟ್ ಲಿಂಕ್‌ಗೆ ಇದು ಏನೂ ಅಲ್ಲ. "ಕ್ಯಾಮೆರಾ ಜಾಸ್ತಿ ಆಯ್ತು, ಅದಕ್ಕೇ ಸ್ಲೋ" ಅನ್ನುವ ಮಾತನ್ನು ಲೆಕ್ಕ ಹಾಕದೆ ನಂಬಬೇಡಿ.

ಇನ್ನು ಸಮಯ. ಸ್ವಿಚ್‌ನ ಪ್ಲಗ್ ತೆಗೆದು ಮತ್ತೆ ಹಾಕಿ, ಮೊಬೈಲ್‌ನ ಸ್ಟಾಪ್‌ವಾಚ್ ಒತ್ತಿ. ನಾಲ್ಕು ಸಮಯ ಬರೆದುಕೊಳ್ಳಿ: ಸ್ವಿಚ್‌ನ ಸಿಸ್ಟಮ್ ಲೈಟ್ ಸ್ಥಿರವಾದದ್ದು, ಕಂಪ್ಯೂಟರ್ ಪೋರ್ಟ್‌ನಲ್ಲಿ ಡೇಟಾ ಓಡಲು ಶುರುವಾದದ್ದು, ಕಂಪ್ಯೂಟರ್‌ಗೆ ಸರಿಯಾದ ಐಪಿ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸ) ಸಿಕ್ಕಿದ್ದು, ಕ್ಯಾಮೆರಾ ಚಿತ್ರ ಬಂದದ್ದು. ಸಿಸ್ಕೊ ಸ್ವಿಚ್ ಆದರೆ ಎರಡನೆಯದನ್ನು ಕಣ್ಣಲ್ಲೇ ನೋಡಬಹುದು. ಪೋರ್ಟ್ ಲೈಟ್ ಮೊದಲು ಕಿತ್ತಳೆ ಬಣ್ಣದಲ್ಲಿದ್ದು, ಸುಮಾರು 30 ಸೆಕೆಂಡ್ ಆದ ಮೇಲೆ ಹಸಿರಾಗುತ್ತದೆ. ಆ 30 ಸೆಕೆಂಡ್ ಎಲ್ಲಿಂದ ಬಂತು ಅಂತ ಹಂತ 6ರಲ್ಲಿ ಹೇಳುತ್ತೇನೆ.

ಹಂತ 2: ಹಿಂದಿರುಗುವ ದಾರಿ ಇಟ್ಟುಕೊಳ್ಳಿ

ಈಗಿರುವ ಕಾನ್ಫಿಗ್, ಅಂದರೆ ಸೆಟ್ಟಿಂಗ್‌ಗಳ ಫೈಲನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಿ. ಫೈಲ್ ಹೆಸರಲ್ಲಿ ದಿನಾಂಕ ಇರಲಿ.

ಸ್ವಿಚ್‌ನಲ್ಲಿ ಎರಡು ಕಾನ್ಫಿಗ್ ಇರುತ್ತವೆ. ಈಗ ಓಡುತ್ತಿರುವುದು ರನ್ನಿಂಗ್ ಕಾನ್ಫಿಗ್, ರೀಬೂಟ್ ಆದಾಗ ಓದಿಕೊಳ್ಳುವುದು ಸ್ಟಾರ್ಟಪ್ ಕಾನ್ಫಿಗ್. ನೀವು ಬದಲಿಸಿದ್ದನ್ನು ಸೇವ್ ಮಾಡದಿದ್ದರೆ ಕರೆಂಟ್ ಹೋದ ಕೂಡಲೇ ಎಲ್ಲ ಅಳಿಸಿಹೋಗುತ್ತದೆ. ಕೆಲವು ಸ್ವಿಚ್‌ಗಳಲ್ಲಿ ‘ಅಪ್ಲೈ’ ಒತ್ತಿದರೆ ಸೇವ್ ಆಗುವುದಿಲ್ಲ. ಮೇಲ್ಗಡೆ ಮೂಲೆಯಲ್ಲಿ ‘ಸೇವ್’ ಅಂತ ಬೇರೆಯೇ ಬಟನ್ ಇರುತ್ತದೆ. ತುಂಬ ಜನ ಎಡವುವುದು ಇಲ್ಲೇ.

ಆದರೆ ಇದೇ ಗುಣ ನಮಗೆ ಉಪಯೋಗಕ್ಕೂ ಬರುತ್ತದೆ. ಸಿಸ್ಕೊದಲ್ಲಿ ಕೆಲಸ ಶುರು ಮಾಡುವ ಮೊದಲು ‘ರಿಲೋಡ್ ಇನ್ 10’ ಕೊಡಿ. ಸೆಟ್ಟಿಂಗ್ ತಪ್ಪಿ ನೀವೇ ಹೊರಗೆ ಬಿದ್ದರೆ ಹತ್ತು ನಿಮಿಷಕ್ಕೆ ಸ್ವಿಚ್ ತಾನೇ ರೀಬೂಟ್ ಆಗಿ ಹಳೆಯ ಸೆಟ್ಟಿಂಗ್‌ಗೆ ಮರಳುತ್ತದೆ. ಎಲ್ಲ ಸರಿಹೋದರೆ ‘ರಿಲೋಡ್ ಕ್ಯಾನ್ಸಲ್’ ಕೊಟ್ಟು ಸೇವ್ ಮಾಡಿ. ಕ್ಯಾನ್ಸಲ್ ಮರೆಯಬೇಡಿ.

ಹಂತ 3: ಎರಡು ಕೇಬಲನ್ನು ಒಂದು ಲಿಂಕ್ ಮಾಡುವುದು

ಎರಡು ಸ್ವಿಚ್ ನಡುವೆ ಸುಮ್ನೆ ಎರಡು ಕೇಬಲ್ ಹಾಕಿದರೆ ಅದು ಒಂದು ಬಳೆಯಂತಾಗುತ್ತದೆ. ಎಲ್ಲರಿಗೂ ಹೋಗಬೇಕಾದ ಒಂದು ಬ್ರಾಡ್‌ಕಾಸ್ಟ್ ಪ್ಯಾಕೆಟ್, ಅಂದರೆ ಡೇಟಾದ ಒಂದು ತುಣುಕು, ಆ ಬಳೆಯಲ್ಲಿ ಸುತ್ತುತ್ತಲೇ ಇರುತ್ತದೆ. ಅಂಥವು ಕೂಡುತ್ತಾ ಹೋಗಿ, ನೋಡನೋಡುತ್ತಿದ್ದಂತೆ ಎಲ್ಲ ಲೈಟುಗಳೂ ಒಟ್ಟಿಗೆ ಮಿಣುಕಲು ಶುರುವಾಗಿ ನೆಟ್ ನಿಲ್ಲುತ್ತದೆ. ಇದಕ್ಕೆ ಲೂಪ್ ಅನ್ನುತ್ತಾರೆ.

ಎಸ್‌ಟಿಪಿ, ಅಂದರೆ ಸ್ಪ್ಯಾನಿಂಗ್ ಟ್ರೀ, ಆನ್ ಇದ್ದರೆ ಸ್ವಿಚ್ ಎರಡನೆಯ ಕೇಬಲನ್ನು ಮುಚ್ಚಿ ಇಡುತ್ತದೆ. ಲೂಪ್ ತಪ್ಪುತ್ತದೆ, ಆದರೆ ಎರಡನೆಯ ಕೇಬಲ್ ಕೆಲಸಕ್ಕೆ ಬರುವುದಿಲ್ಲ. ಮೊದಲನೆಯದು ಕಿತ್ತುಹೋದಾಗ ಮಾತ್ರ ತೆರೆದುಕೊಳ್ಳುತ್ತದೆ. ಎರಡೂ ಒಟ್ಟಿಗೆ ದುಡಿಯಬೇಕಾದರೆ ಎರಡನ್ನೂ ಕಟ್ಟಿ ಒಂದೇ ಲಿಂಕ್ ಅಂತ ಸ್ವಿಚ್‌ಗೆ ಹೇಳಬೇಕು. ಇದೇ ಲಿಂಕ್ ಅಗ್ರಿಗೇಷನ್, ಚಿಕ್ಕದಾಗಿ ಲ್ಯಾಗ್. ಎರಡು ಸ್ವಿಚ್‌ಗಳು ಇದರ ಬಗ್ಗೆ ಮಾತಾಡಿಕೊಳ್ಳುವ ಭಾಷೆ ಎಲ್‌ಎಸಿಪಿ. 2000ನೇ ಇಸವಿಯಲ್ಲಿ 802.3ಎಡಿ ಅನ್ನುವ ಹೆಸರಲ್ಲಿ ಬಂದದ್ದು, 2008ರಿಂದ 802.1ಎಎಕ್ಸ್ ಆಗಿದೆ. ಎರಡು ಬೇರೆ ಬೇರೆ ಕಂಪನಿಯ ಸ್ವಿಚ್ ಇದ್ದರೂ ಎಲ್‌ಎಸಿಪಿ ಕೆಲಸ ಮಾಡುತ್ತದೆ.

ಹೆಸರಿನ ಗೊಂದಲ ಒಂದಿದೆ. ಸಿಸ್ಕೊದಲ್ಲಿ ಇದನ್ನು ಈಥರ್‌ಚಾನೆಲ್ ಅಥವಾ ಪೋರ್ಟ್ ಚಾನೆಲ್ ಅನ್ನುತ್ತಾರೆ. ಅಲ್ಲಿ ‘ಟ್ರಂಕ್’ ಅಂದರೆ ಹಲವು ವಿಲ್ಯಾನ್‌ಗಳನ್ನು ಸಾಗಿಸುವ ಪೋರ್ಟ್. ಹಳೆಯ ಎಚ್‌ಪಿ ಸ್ವಿಚ್‌ಗಳಲ್ಲಿ ‘ಟ್ರಂಕ್’ ಅಂದರೆ ಇದೇ ಲ್ಯಾಗ್! ಒಂದು ಸ್ವಿಚ್‌ನ ಪಾಠ ನೋಡಿಕೊಂಡು ಇನ್ನೊಂದರಲ್ಲಿ ಮಾಡುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ವಿಲ್ಯಾನ್ ಅಂದರೆ ಒಂದೇ ಸ್ವಿಚ್‌ನೊಳಗೆ ಮಾಡಿಕೊಂಡ ಬೇರೆ ಬೇರೆ ನೆಟ್‌ವರ್ಕ್. ಕ್ಯಾಮೆರಾಗೆ ಒಂದು, ಬಿಲ್ಲಿಂಗ್‌ಗೆ ಒಂದು ಅನ್ನುವ ಹಾಗೆ.

ಈಗ ಕೆಲಸ. ಈ ಕ್ರಮವನ್ನು ಬದಲಿಸಬೇಡಿ.

ಮೊದಲು ಎರಡನೆಯ ಕೇಬಲ್ ಕಿತ್ತಿಟ್ಟುಬಿಡಿ. ಒಂದೇ ಇರಲಿ. ಎರಡೂ ಸ್ವಿಚ್‌ಗಳಲ್ಲಿ ಲ್ಯಾಗ್‌ಗೆ ಸೇರುವ ಪೋರ್ಟ್‌ಗಳು, ಉದಾಹರಣೆಗೆ ಕೆಳಗಡೆ 23 ಮತ್ತು 24, ಮೇಲ್ಗಡೆ 15 ಮತ್ತು 16, ಒಂದೇ ಸ್ಪೀಡ್, ಒಂದೇ ಡ್ಯೂಪ್ಲೆಕ್ಸ್ (ಒಂದೇ ಹೊತ್ತಿಗೆ ಎರಡೂ ದಿಕ್ಕಿಗೆ ಡೇಟಾ ಹೋಗಬೇಕೋ ಬೇಡವೋ ಅನ್ನುವ ಸೆಟ್ಟಿಂಗ್), ಒಂದೇ ವಿಲ್ಯಾನ್ ಸೆಟ್ಟಿಂಗ್‌ನಲ್ಲಿ ಇವೆಯಾ ನೋಡಿ. ಒಂದರಲ್ಲಿ ಚೂರು ವ್ಯತ್ಯಾಸ ಇದ್ದರೂ ಆ ಪೋರ್ಟ್ ಗುಂಪಿಗೆ ಸೇರುವುದಿಲ್ಲ.

ಲ್ಯಾಪ್‌ಟಾಪನ್ನು ಮೇಲಿನ ಸ್ವಿಚ್‌ಗೇ ನೇರ ಚುಚ್ಚಿ ಅಲ್ಲಿ ಲ್ಯಾಗ್ ಮಾಡಿ. ಆಮೇಲೆ ಕೆಳಗೆ ಬಂದು ಕೆಳಗಿನದಕ್ಕೆ ಮಾಡಿ. ದೂರದಲ್ಲಿ ಕೂತು ಮಾಡಿದರೆ ಒಂದು ಕಡೆ ಸೆಟ್ ಆದ ತಕ್ಷಣ ಇನ್ನೊಂದು ಕಡೆಗೆ ದಾರಿ ಕಡಿದುಹೋಗಬಹುದು.

ಮೋಡ್ ಕೇಳುತ್ತದೆ. ಎರಡೂ ಕಡೆ ‘ಆ್ಯಕ್ಟಿವ್’ ಕೊಡಿ. ಎರಡೂ ಕಡೆ ‘ಪ್ಯಾಸಿವ್’ ಇಟ್ಟರೆ ಇಬ್ಬರೂ ಇನ್ನೊಬ್ಬರು ಮಾತಾಡಲಿ ಅಂತ ಕಾಯುತ್ತಾ ಕೂರುತ್ತಾರೆ, ಲ್ಯಾಗ್ ಆಗುವುದೇ ಇಲ್ಲ. ‘ಆನ್’ ಅಥವಾ ‘ಸ್ಟ್ಯಾಟಿಕ್’ ಅಂತಲೂ ಒಂದಿರುತ್ತದೆ. ದಯವಿಟ್ಟು ಅದನ್ನು ಬಳಸಬೇಡಿ. ಅದರಲ್ಲಿ ಸ್ವಿಚ್ ಆ ಕಡೆ ಏನಿದೆ ಅಂತ ಕೇಳುವುದೇ ಇಲ್ಲ. ಆ ಕಡೆ ಲ್ಯಾಗ್ ಇಲ್ಲದಿದ್ದರೂ, ಕೇಬಲ್ ತಪ್ಪು ಪೋರ್ಟ್‌ಗೆ ಹೋಗಿದ್ದರೂ ಡೇಟಾ ಕಳಿಸುತ್ತಲೇ ಇರುತ್ತದೆ.

ಇಬ್ಬದಿಯೂ ಸೇವ್ ಆದ ಮೇಲೆ ಎರಡನೆಯ ಕೇಬಲ್ ಹಾಕಿ. ಸಿಸ್ಕೊದಲ್ಲಿ ‘ಶೋ ಈಥರ್‌ಚಾನೆಲ್ ಸಮ್ಮರಿ’ ಕೊಟ್ಟರೆ ಎರಡೂ ಪೋರ್ಟ್ ಪಕ್ಕ ‘ಪಿ’ ಇರಬೇಕು. ‘ಐ’ ಇದ್ದರೆ ಒಂಟಿಯಾಗಿ ನಿಂತಿದೆ ಅಂತ ಅರ್ಥ, ಆ ಕಡೆಯಿಂದ ಎಲ್‌ಎಸಿಪಿ ಬರುತ್ತಿಲ್ಲ. ಸಣ್ಣ ‘ಎಸ್’ ಇದ್ದರೆ ಸೆಟ್ಟಿಂಗ್ ತಾಳೆಯಾಗದೆ ಪೋರ್ಟನ್ನು ಹೊರಗಿಟ್ಟಿದೆ.

ಹಂತ 4: ಹೊರೆ ಹೇಗೆ ಹಂಚಬೇಕು

ಎರಡು ಕೇಬಲ್ ಕಟ್ಟಿದರೂ ನಿಮ್ಮ ಒಂದು ಫೈಲ್ ಕಾಪಿ 110 ಎಂಬಿಯಿಂದ 220ಕ್ಕೆ ಹೋಗುವುದಿಲ್ಲ. ಬೆಂಗಳೂರಿಗೆ ಹೊರಟ ಲಾರಿ ಶಾಂತಿಗ್ರಾಮದ ಟೋಲ್‌ನಲ್ಲಿ ಒಂದು ಗೇಟಲ್ಲಿ ಮಾತ್ರ ಹೋಗಲು ಸಾಧ್ಯ, ಅಲ್ವಾ? ಗೇಟು ಜಾಸ್ತಿ ಇದ್ದರೆ ಒಂದೇ ಹೊತ್ತಿಗೆ ಜಾಸ್ತಿ ಲಾರಿ ಹೋಗುತ್ತವೆ, ಒಂದು ಲಾರಿ ಬೇಗ ಹೋಗುವುದಿಲ್ಲ. ಸ್ವಿಚ್ ಬೇಕಂತಲೇ ಹೀಗೆ ಮಾಡುತ್ತದೆ. ಒಂದೇ ಫೈಲ್‌ನ ಪ್ಯಾಕೆಟ್‌ಗಳನ್ನು ಎರಡು ಕೇಬಲ್‌ನಲ್ಲಿ ಕಳಿಸಿದರೆ ಆ ಕಡೆ ಹಿಂದೆ ಮುಂದೆ ತಲುಪಿ ತೊಂದರೆ ಆಗುತ್ತದೆ. ಹಾಗಾಗಿ ಒಂದು ಸಂಭಾಷಣೆಗೆ ಒಂದೇ ಕೇಬಲ್.

ಯಾವ ಸಂಭಾಷಣೆ ಯಾವ ಕೇಬಲ್‌ಗೆ ಅಂತ ತೀರ್ಮಾನಿಸುವ ಲೆಕ್ಕಕ್ಕೆ ಹ್ಯಾಶ್ ಅನ್ನುತ್ತಾರೆ. ಕಳಿಸುವವರ ವಿಳಾಸ, ಪಡೆಯುವವರ ವಿಳಾಸ ನೋಡಿ ಲೆಕ್ಕ ಹಾಕುತ್ತದೆ. ಯಾವ ವಿಳಾಸ ನೋಡಬೇಕು ಅನ್ನುವುದನ್ನು ನೀವು ಆರಿಸಬಹುದು. ಲೋಡ್ ಬ್ಯಾಲೆನ್ಸಿಂಗ್‌ನ ಜೀವಾಳ ಇದೇ. ಎಲ್‌ಎಸಿಪಿ ಆನ್ ಮಾಡಿ ಇದನ್ನು ಮುಟ್ಟದೆ ಬಿಡುವವರೇ ಜಾಸ್ತಿ.

ನಮ್ಮ ಅಂಗಡಿಯಲ್ಲಿ ಏನಾಗುತ್ತದೆ ನೋಡಿ. ಸಿಸ್ಕೊ 2960 ಮಾದರಿಯಲ್ಲಿ ಮೊದಲೇ ಇರುವ ಸೆಟ್ಟಿಂಗ್ ‘ಸೋರ್ಸ್ ಮ್ಯಾಕ್’. ಅಂದರೆ ಕಳಿಸುವವರ ಮ್ಯಾಕ್ ವಿಳಾಸ, ಆ ಯಂತ್ರದ ಹುಟ್ಟು ನಂಬರು, ಮಾತ್ರ ನೋಡುತ್ತದೆ. ಮೇಲಿನ ಎಂಟು ಕಂಪ್ಯೂಟರ್ ಕೆಳಗೆ ಡೇಟಾ ಕಳಿಸುವಾಗ ಎಂಟು ಬೇರೆ ಬೇರೆ ವಿಳಾಸ ಇವೆ, ಎರಡೂ ಕೇಬಲ್‌ಗೆ ಹಂಚಿಹೋಗುತ್ತದೆ. ಆದರೆ ಸರ್ವರ್‌ನಿಂದ ಮೇಲಕ್ಕೆ ಬರುವಾಗ? ಕಳಿಸುವವರು ಒಬ್ಬರೇ, ಸರ್ವರ್. ವಿಳಾಸ ಒಂದೇ. ಎಲ್ಲವೂ ಒಂದೇ ಕೇಬಲ್‌ಗೆ ಬೀಳುತ್ತದೆ, ಇನ್ನೊಂದು ಖಾಲಿ. ಜಾಸ್ತಿ ಡೇಟಾ ಬರುವುದು ಸರ್ವರ್‌ನಿಂದಲೇ.

ಆದ್ದರಿಂದ ‘ಸೋರ್ಸ್ ಡೆಸ್ಟಿನೇಷನ್ ಐಪಿ’ ಆರಿಸಿ. ಎರಡೂ ಕಡೆಯ ಐಪಿ ನೋಡುತ್ತದೆ. ಸ್ವಿಚ್‌ನಲ್ಲಿ ಪೋರ್ಟ್ ನಂಬರನ್ನೂ ಸೇರಿಸುವ ಆಯ್ಕೆ ಇದ್ದರೆ ಅದು ಇನ್ನೂ ಒಳ್ಳೆಯದು. ಇಲ್ಲಿ ಪೋರ್ಟ್ ಅಂದರೆ ಕೇಬಲ್ ಚುಚ್ಚುವ ತೂತು ಅಲ್ಲ, ಪ್ರೋಗ್ರಾಮ್‌ಗಳು ಬಳಸುವ ನಂಬರು.

ಲೆಕ್ಕದ ಸರಳ ರೂಪ ಹೀಗಿದೆ. ಸರ್ವರ್ ಐಪಿ 192.168.1.10 ಅಂದುಕೊಳ್ಳಿ. ಕೇಬಲ್ ಎರಡೇ ಇದ್ದಾಗ ಎರಡೂ ಐಪಿಯ ಕೊನೆಯ ಸಂಖ್ಯೆಗಳು ಸಮವೋ ಬೆಸವೋ ಅನ್ನುವುದರ ಮೇಲೆ ತೀರ್ಮಾನ ಆಗುತ್ತದೆ. 10 ಮತ್ತು 22, ಎರಡೂ ಸಮ, ಮೊದಲ ಕೇಬಲ್. 10 ಮತ್ತು 21, ಒಂದು ಸಮ ಒಂದು ಬೆಸ, ಎರಡನೆಯ ಕೇಬಲ್. ಕಂಪನಿಯಿಂದ ಕಂಪನಿಗೆ ಲೆಕ್ಕ ಬೇರೆಯಾಗುತ್ತದೆ, ಆದರೆ ಜಾಡು ಇದೇ. ಈಗ ಯಾರೋ ಎಲ್ಲ ಕಂಪ್ಯೂಟರ್‌ಗೂ 20, 22, 24, 26 ಅಂತ ಸಮ ಸಂಖ್ಯೆಯ ಐಪಿಯನ್ನೇ ಕೊಟ್ಟಿದ್ದರೆ? ಎರಡು ಕೇಬಲ್ ಇದ್ದೂ ಒಂದೇ ದುಡಿಯುತ್ತದೆ. ಐಪಿಗಳನ್ನು ಸಾಲಾಗಿ 21, 22, 23 ಅಂತ ಕೊಡಿ.

ಮೂರು ಕೇಬಲ್ ಹಾಕುವ ಯೋಚನೆ ಇದ್ದರೆ ಒಂದು ಮಾತು. ಸಿಸ್ಕೊದ ಹಳೆಯ ಕ್ಯಾಟಲಿಸ್ಟ್ ಸಾಲಿನ ಸ್ವಿಚ್‌ಗಳು ಹೊರೆಯನ್ನು ಎಂಟು ಪಾಲು ಮಾಡಿ ಹಂಚುತ್ತವೆ. ಎರಡಕ್ಕೆ 4:4, ನಾಲ್ಕಕ್ಕೆ ಎರಡೆರಡು, ಮೂರಕ್ಕೆ 3:3:2. ಎರಡು ಅಥವಾ ನಾಲ್ಕು ಹಾಕಿದರೆ ಸಮವಾಗಿ ಹಂಚಿಹೋಗುತ್ತದೆ.

ಹ್ಯಾಶ್ ಸೆಟ್ಟಿಂಗ್ ಆಯಾ ಸ್ವಿಚ್ ಕಳಿಸುವ ದಿಕ್ಕಿಗೆ ಮಾತ್ರ ಅನ್ವಯ. ಹಾಗಾಗಿ ಎರಡೂ ಸ್ವಿಚ್‌ನಲ್ಲಿ ಬದಲಿಸಿ.

ಇಂಟರ್ನೆಟ್ ಲೈನ್ ಎರಡಿವೆ, ಅದನ್ನು ಸ್ವಿಚ್‌ನಲ್ಲೇ ಬ್ಯಾಲೆನ್ಸ್ ಮಾಡಬಹುದಾ ಅಂತಲೂ ಕೇಳುತ್ತೀರಿ. ಆಗುವುದಿಲ್ಲ. ಅದು ರೂಟರ್‌ನ ಕೆಲಸ, ಡ್ಯುಯಲ್ ವ್ಯಾನ್, ಅಂದರೆ ಎರಡು ಇಂಟರ್ನೆಟ್ ಲೈನ್ ಚುಚ್ಚಲು ಆಗುವ, ರೂಟರ್ ಬೇಕು.

ಹಂತ 5: ಕಿತ್ತು ನೋಡಿ

ಮೇಲಿನ ಕಂಪ್ಯೂಟರ್‌ನಿಂದ ಸರ್ವರ್‌ಗೆ ನಿಲ್ಲದೆ ಪಿಂಗ್ ("ಇದ್ದೀಯಾ?" ಅಂತ ಕೇಳಿ ಉತ್ತರ ಪಡೆಯುವ ಸಣ್ಣ ಪ್ಯಾಕೆಟ್) ಕಳಿಸುತ್ತಾ ಒಂದು ಕೇಬಲ್ ಕಿತ್ತುಬಿಡಿ. ಒಂದೆರಡು ಪಿಂಗ್ ತಪ್ಪಬಹುದು, ಅಷ್ಟೇ. ಮತ್ತೆ ಹಾಕಿ, ಇನ್ನೊಂದನ್ನು ಕಿತ್ತು ನೋಡಿ. ಎರಡನ್ನೂ ಮಾಡಬೇಕು. ಒಂದನ್ನು ಮಾತ್ರ ಕಿತ್ತು "ಸರಿಯಿದೆ" ಅಂದವರಿಗೆ ಇನ್ನೊಂದು ಕೇಬಲ್ ಮೊದಲಿಂದಲೂ ಸತ್ತಿತ್ತು ಅಂತ ತಿಂಗಳುಗಳ ಮೇಲೆ ಗೊತ್ತಾದದ್ದಿದೆ.

ತೋಟದ ಆಫೀಸಿನವರು ಇಲ್ಲಿ ಗಮನಿಸಿ. ಆಫೀಸಿಗೂ ಗೋಡೌನಿಗೂ ಮಧ್ಯೆ ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್, ಅಂದರೆ ಫೈಬರನ್ನು ಸಾದಾ ಕೇಬಲ್‌ಗೆ ಬದಲಿಸುವ ಪುಟ್ಟ ಪೆಟ್ಟಿಗೆ, ಇಟ್ಟಿರುತ್ತೀರಿ. ಫೈಬರ್ ಕಡಿದರೂ ಸ್ವಿಚ್ ಮತ್ತು ಪೆಟ್ಟಿಗೆ ನಡುವಿನ ಲೈಟ್ ಉರಿಯುತ್ತಲೇ ಇರುತ್ತದೆ. ಲಿಂಕ್ ಸತ್ತಿದೆ ಅಂತ ಸ್ವಿಚ್‌ಗೆ ಗೊತ್ತಾಗಬೇಕಾದರೆ ಎಲ್‌ಎಸಿಪಿ ಮಾತು ನಿಂತದ್ದು ತಿಳಿಯಬೇಕು. ಸಾಮಾನ್ಯವಾಗಿ ಎಲ್‌ಎಸಿಪಿ 30 ಸೆಕೆಂಡಿಗೊಮ್ಮೆ ಮಾತಾಡುತ್ತದೆ, ಮೂರು ಸಲ ಉತ್ತರ ಬರದಿದ್ದರೆ, ಅಂದರೆ 90 ಸೆಕೆಂಡ್ ಆದ ಮೇಲೆ, ಕೈಬಿಡುತ್ತದೆ. ಅಲ್ಲಿಯವರೆಗೆ ಅರ್ಧ ಡೇಟಾ ಗಾಳಿಗೆ. ಎಲ್‌ಎಸಿಪಿ ರೇಟನ್ನು ‘ಫಾಸ್ಟ್’ ಮಾಡಿದರೆ ಸೆಕೆಂಡಿಗೊಮ್ಮೆ ಮಾತಾಡಿ 3 ಸೆಕೆಂಡಿಗೆ ತಿಳಿದುಕೊಳ್ಳುತ್ತದೆ. ಸ್ವಿಚ್‌ಗೇ ಎಸ್‌ಎಫ್‌ಪಿ ಮಾಡ್ಯೂಲ್ (ಫೈಬರ್ ಚುಚ್ಚಲು ಸ್ವಿಚ್‌ನೊಳಗೆ ಕೂರಿಸುವ ತುಂಡು) ಹಾಕಿ ಫೈಬರನ್ನು ನೇರ ಚುಚ್ಚುವುದು ಇನ್ನೂ ಒಳ್ಳೆಯದು.

ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆದವರು ದಯವಿಟ್ಟು ಫೈಬರ್‌ಗೆ ಬದಲಿಸಿಕೊಳ್ಳಿ. ತಾಮ್ರಕ್ಕೆ 100 ಮೀಟರ್ ಮಿತಿ ಇದೆ ಅನ್ನುವುದು ಒಂದು ಕಾರಣ. ದೊಡ್ಡ ಕಾರಣ ಸಿಡಿಲು. ಮುಂಗಾರಿಗೆ ಮುಂಚೆ, ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಆ ತಂತಿಯ ಮೂಲಕ ಎರಡೂ ತುದಿಯ ಸ್ವಿಚ್ ಸುಟ್ಟುಹೋಗಬಹುದು. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಲೋಹದ ಕವಚ ಅಥವಾ ತಂತಿ ಇಲ್ಲದ ಫೈಬರನ್ನೇ ಕೇಳಿ ತೆಗೆದುಕೊಳ್ಳಿ.

ಹಂತ 6: ಸ್ಪ್ಯಾನಿಂಗ್ ಟ್ರೀಯ 30 ಸೆಕೆಂಡ್

ಇಲ್ಲಿಂದ ಮುಂದೆ ರೀಬೂಟ್ ವಿಚಾರ. ಕರೆಂಟ್ ಬಂದ ಮೇಲೆ ನೆಟ್ ತಡವಾದರೆ ಎಲ್ಲರೂ "ಸ್ವಿಚ್ ಹಳೇದಾಯ್ತು" ಅನ್ನುತ್ತಾರೆ. ನಿಜವಾಗಿ ಅದು ಸರಪಳಿ. ಸ್ವಿಚ್ ಬೂಟ್ ಆಗಬೇಕು, ಪೋರ್ಟ್ ತೆರೆಯಬೇಕು, ಕಂಪ್ಯೂಟರ್‌ಗೆ ಐಪಿ ಸಿಗಬೇಕು. ಒಂದೊಂದು ಕೊಂಡಿಯಲ್ಲೂ ಸಮಯ ಹೋಗುತ್ತದೆ.

ಎಸ್‌ಟಿಪಿಯನ್ನು ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದರು. ಹಳೆಯ ಎಸ್‌ಟಿಪಿಯಲ್ಲಿ ಪೋರ್ಟ್‌ಗೆ ಏನಾದರೂ ಚುಚ್ಚಿದ ಕೂಡಲೇ ಅದು ತೆರೆಯುವುದಿಲ್ಲ. 15 ಸೆಕೆಂಡ್ ಕೇಳಿಸಿಕೊಳ್ಳುತ್ತದೆ, ಇನ್ನೊಂದು 15 ಸೆಕೆಂಡ್ ಕಲಿತುಕೊಳ್ಳುತ್ತದೆ. ಲೂಪ್ ಇಲ್ಲ ಅಂತ ಖಾತ್ರಿ ಆದ ಮೇಲೆ ಡೇಟಾ ಬಿಡುತ್ತದೆ. ಒಟ್ಟು 30. ಕೆಲವು ಸಂದರ್ಭಗಳಲ್ಲಿ 20 ಸೆಕೆಂಡಿನ ಇನ್ನೊಂದು ಕಾಯುವಿಕೆ ಸೇರಿ 50 ಆಗುತ್ತದೆ.

ಈ 30 ಸೆಕೆಂಡ್ ಮುಂದೆ ಐದು ನಿಮಿಷವಾಗಿ ಬೆಳೆಯುತ್ತದೆ. ಹೇಗೆ ಅಂದರೆ, ಯುಪಿಎಸ್ ಮೇಲೆ ಆನ್ ಆಗಿಯೇ ಇದ್ದ ವಿಂಡೋಸ್ ಕಂಪ್ಯೂಟರ್‌ಗೆ ಕೇಬಲ್ ಲೈಟ್ ಬಂದದ್ದು ಕಾಣುತ್ತದೆ. ಕೂಡಲೇ "ನನಗೊಂದು ಐಪಿ ಕೊಡಿ" ಅಂತ ಕೇಳಲು ಶುರು ಮಾಡುತ್ತದೆ. ಸ್ವಿಚ್ ಪೋರ್ಟ್ ಇನ್ನೂ ಮುಚ್ಚಿದೆ, ಕೂಗು ಎಲ್ಲಿಗೂ ತಲುಪುವುದಿಲ್ಲ. ಕೆಲವು ಸಲ ಕೇಳಿ, ಉತ್ತರ ಬರದೆ, 169.254ರಿಂದ ಶುರುವಾಗುವ ಒಂದು ಐಪಿಯನ್ನು ತಾನೇ ಇಟ್ಟುಕೊಳ್ಳುತ್ತದೆ. ಆಮೇಲೆ ಐದು ನಿಮಿಷಕ್ಕೊಮ್ಮೆ ಮತ್ತೆ ಕೇಳುತ್ತದೆ. ಕೌಂಟರ್‌ನಲ್ಲಿ ಕೂತವರಿಗೆ ಕಾಣುವುದು ಈ ಐದು ನಿಮಿಷ. ನಿಮ್ಮ ಕಂಪ್ಯೂಟರ್‌ನಲ್ಲಿ ಕರೆಂಟ್ ಬಂದ ಮೇಲೆ 169.254 ಕಂಡರೆ ತಪ್ಪು ಇಲ್ಲೇ ಇದೆ.

ಮೊದಲ ಕೆಲಸ: ಎರಡೂ ಸ್ವಿಚ್‌ನಲ್ಲಿ ಎಸ್‌ಟಿಪಿ ಬದಲು ಆರ್‌ಎಸ್‌ಟಿಪಿ ಆರಿಸಿ. ಇದು 2001ರಲ್ಲಿ ಬಂದ ಬೇಗ ಕೆಲಸ ಮಾಡುವ ರೂಪ, 802.1ಡಬ್ಲ್ಯೂ. ಸಿಸ್ಕೊದಲ್ಲಿ ‘ರ‍್ಯಾಪಿಡ್ ಪಿವಿಎಸ್‌ಟಿ’. ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಲಿಂಕ್ ಸಾಮಾನ್ಯವಾಗಿ ಒಂದೆರಡು ಸೆಕೆಂಡಿನಲ್ಲೇ ತೆರೆದುಕೊಳ್ಳುತ್ತದೆ.

"ಎಸ್‌ಟಿಪಿಯನ್ನೇ ಆಫ್ ಮಾಡಿಬಿಟ್ರೆ ಬೇಗ ಆಗುತ್ತಲ್ಲ?" ಅಂತ ಕೇಳುವವರಿದ್ದಾರೆ. ಬೇಡ. ಖಂಡಿತ ಬೇಡ. ನಾನು ನೋಡಿದ ಒಂದು ಕಡೆ, ಮೇಜಿನ ಕೆಳಗೆ ಬಿದ್ದಿದ್ದ ಪ್ಯಾಚ್ ಕಾರ್ಡ್‌ನ ಒಂದು ತುದಿ ಸ್ವಿಚ್‌ನಲ್ಲೇ ಇತ್ತು. ಕಸ ಗುಡಿಸುವಾಗ ಯಾರೋ ಒಳ್ಳೆಯ ಮನಸ್ಸಿನಿಂದಲೇ ಇನ್ನೊಂದು ತುದಿಯನ್ನೂ ಅದೇ ಸ್ವಿಚ್‌ಗೆ ಚುಚ್ಚಿದ್ದರು. ಅರ್ಧ ದಿನ ಕೆಲಸ ನಿಂತಿತ್ತು. ಕೆಲವು ಸ್ಮಾರ್ಟ್ ಸ್ವಿಚ್‌ಗಳು ಎಸ್‌ಟಿಪಿ ಆಫ್ ಆಗಿಯೇ ಬರುತ್ತವೆ. ಆನ್ ಇದೆಯಾ ಅಂತ ನೀವೇ ನೋಡಬೇಕು.

ಇನ್ನೊಂದು ಸಣ್ಣ ಸೆಟ್ಟಿಂಗ್: ರೂಟ್ ಸ್ವಿಚ್. ಎಸ್‌ಟಿಪಿಗೆ ಒಬ್ಬ ಯಜಮಾನ ಬೇಕು. ನೀವು ಹೇಳದಿದ್ದರೆ ಎಲ್ಲರ ಪ್ರಯಾರಿಟಿ 32768 ಇರುತ್ತದೆ, ಆಗ ಅತಿ ಸಣ್ಣ ಮ್ಯಾಕ್ ಇರುವ ಸ್ವಿಚ್ ಯಜಮಾನ ಆಗುತ್ತದೆ. ಅದು ಮೂಲೆಯಲ್ಲಿರುವ ಅತಿ ಹಳೆಯ ಸ್ವಿಚ್ಚೇ ಆಗಿರಬಹುದು. ಅದು ಆಫ್ ಆದಾಗಲೆಲ್ಲ ಎಲ್ಲರೂ ಮತ್ತೆ ಲೆಕ್ಕ ಹಾಕಿಕೊಳ್ಳಬೇಕು. ಕೆಳಗಿನ ಮುಖ್ಯ ಸ್ವಿಚ್‌ಗೆ 4096 ಕೊಡಿ. ಸಂಖ್ಯೆ ಕಡಿಮೆ ಇದ್ದವರೇ ಯಜಮಾನ.

ಹಂತ 7: ಕಂಪ್ಯೂಟರ್ ಪೋರ್ಟ್‌ಗಳನ್ನು ಎಡ್ಜ್ ಮಾಡಿ

ಆರ್‌ಎಸ್‌ಟಿಪಿ ಹಾಕಿದರೂ ಕಂಪ್ಯೂಟರ್ ಪೋರ್ಟ್ 30 ಸೆಕೆಂಡ್ ಕಾಯಬಹುದು. ಕಂಪ್ಯೂಟರ್‌ಗೆ ಎಸ್‌ಟಿಪಿ ಭಾಷೆ ಬರುವುದಿಲ್ಲ, ಸ್ವಿಚ್ ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ಹಾಗಾಗಿ "ಈ ಪೋರ್ಟ್‌ನ ಆಚೆ ಕಂಪ್ಯೂಟರ್ ಮಾತ್ರ ಇದೆ, ಕಾಯಬೇಡ" ಅಂತ ನಾವೇ ಹೇಳಬೇಕು. ಇದೇ ಎಡ್ಜ್ ಪೋರ್ಟ್. ಸಿಸ್ಕೊದಲ್ಲಿ ‘ಪೋರ್ಟ್‌ಫಾಸ್ಟ್’.

ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾ, ಸರ್ವರ್ ಇರುವ ಪೋರ್ಟ್‌ಗಳಿಗೆಲ್ಲ ಇದನ್ನು ಹಾಕಿ. ಸ್ವಿಚ್‌ಗೆ ಹೋಗುವ ಪೋರ್ಟ್‌ಗೆ, ಲ್ಯಾಗ್‌ಗೆ ಹಾಕಬೇಡಿ.

ಜೊತೆಗೆ ‘ಬಿಪಿಡಿಯು ಗಾರ್ಡ್’ ಆನ್ ಮಾಡಿ. ಬಿಪಿಡಿಯು ಅಂದರೆ ಸ್ವಿಚ್‌ಗಳು ಎಸ್‌ಟಿಪಿಗಾಗಿ ಕಳಿಸಿಕೊಳ್ಳುವ ಚೀಟಿ. ಕಂಪ್ಯೂಟರ್ ಪೋರ್ಟ್‌ನಲ್ಲಿ ಅಂಥ ಚೀಟಿ ಬಂತು ಅಂದರೆ ಯಾರೋ ಅಲ್ಲಿ ಸ್ವಿಚ್ ಹಾಕಿದ್ದಾರೆ ಅಥವಾ ಲೂಪ್ ಆಗಿದೆ. ಗಾರ್ಡ್ ಆ ಪೋರ್ಟನ್ನು ಕೂಡಲೇ ಮುಚ್ಚುತ್ತದೆ. ಸಿಸ್ಕೊದಲ್ಲಿ ಹಾಗೆ ಮುಚ್ಚಿದ್ದು ತಾನಾಗಿ ತೆರೆಯುವುದಿಲ್ಲ. ‘ಎರರ್ ಡಿಸೇಬಲ್ ರಿಕವರಿ’ ಆನ್ ಮಾಡಿದರೆ 300 ಸೆಕೆಂಡ್ ಆದ ಮೇಲೆ ಮತ್ತೆ ತೆರೆದು ನೋಡುತ್ತದೆ. ನೆಟ್‌ವರ್ಕ್ ಗೊತ್ತಿರುವವರು ಅಂಗಡಿಯಲ್ಲಿ ಇಲ್ಲದಿದ್ದರೆ ಇದನ್ನು ಆನ್ ಮಾಡಿಡಿ.

ಸರ್ವರ್, ಪ್ರಿಂಟರ್, ಕ್ಯಾಮೆರಾ ರೆಕಾರ್ಡರ್‌ಗೆ ಐಪಿಯನ್ನು ಕೈಯಿಂದಲೇ ಕೊಟ್ಟುಬಿಡಿ. ರೂಟರ್ ಎದ್ದು ಐಪಿ ಹಂಚುವ ತನಕ ಅವು ಕಾಯಬೇಕಿಲ್ಲ.

ಹಂತ 8: ಸ್ವಿಚ್ ಬೂಟ್ ಆಗುವ ಸಮಯ

ಇದರಲ್ಲಿ ಉಳಿಸಲು ಆಗುವುದು ಕಡಿಮೆ. ಚಿಕ್ಕ ಸ್ಮಾರ್ಟ್ ಸ್ವಿಚ್ ಒಂದೆರಡು ನಿಮಿಷ ತೆಗೆದುಕೊಳ್ಳುತ್ತದೆ, ದೊಡ್ಡವು ಐದಾರು ನಿಮಿಷ ತೆಗೆದುಕೊಳ್ಳಬಹುದು. ಸಿಸ್ಕೊದಲ್ಲಿ ‘ಶೋ ಬೂಟ್’ ನೋಡಿ. ಯಾವ ಫೈಲಿನಿಂದ ಬೂಟ್ ಆಗಬೇಕು ಅಂತ ಬರೆದಿಲ್ಲದಿದ್ದರೆ ಸ್ವಿಚ್ ಫ್ಲ್ಯಾಶ್‌ನಲ್ಲಿ, ಅಂದರೆ ತನ್ನ ಮೆಮೊರಿಯಲ್ಲಿ, ಹುಡುಕಿಕೊಂಡು ಹೋಗುತ್ತದೆ. ‘ಬೂಟ್ ಸಿಸ್ಟಮ್’ ಕಮಾಂಡ್‌ನಲ್ಲಿ ಫೈಲ್ ಹೆಸರು ಕೊಡಿ. ಹೆಸರಲ್ಲಿ ಒಂದು ಅಕ್ಷರವೂ ತಪ್ಪದಿರಲಿ. ಬೂಟ್ ಆಗುವಾಗ ಕನ್ಸೋಲ್‌ನಲ್ಲಿ ಟಿಎಫ್‌ಟಿಪಿ, 255.255.255.255 ಅಂತ ಎರರ್ ಬರುತ್ತಾ ನಿಂತರೆ, ಸ್ವಿಚ್ ನೆಟ್‌ವರ್ಕ್‌ನಲ್ಲಿ ಕಾನ್ಫಿಗ್ ಹುಡುಕುತ್ತಿದೆ ಅಂತ ಅರ್ಥ. ‘ನೋ ಸರ್ವಿಸ್ ಕಾನ್ಫಿಗ್’ ಕೊಟ್ಟು ಸೇವ್ ಮಾಡಿದರೆ ಆ ಕಾಯುವಿಕೆ ಹೋಗುತ್ತದೆ. ಬ್ರೌಸರ್ ಸ್ವಿಚ್‌ಗಳಲ್ಲಿ ‘ಆಟೋ ಇನ್‌ಸ್ಟಾಲ್’ ಅಂತ ಇದ್ದರೆ ಆಫ್ ಮಾಡಿ.

ಹಂತ 9: ಕ್ಯಾಮೆರಾ, ವೈಫೈಗೆ ಕರೆಂಟ್

ಪಿಒಇ ಅಂದರೆ ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡುವುದು. ಸ್ವಿಚ್ ಪೂರ್ತಿ ಬೂಟ್ ಆದ ಮೇಲೆ ಕ್ಯಾಮೆರಾಗೆ ಕರೆಂಟ್ ಹೋಗಿ, ಆಮೇಲೆ ಕ್ಯಾಮೆರಾ ಬೂಟ್ ಆಗುತ್ತದೆ. ಎರಡರ ಸಮಯ ಕೂಡಿಕೊಳ್ಳುತ್ತದೆ. ಸಿಸ್ಕೊ ಕ್ಯಾಟಲಿಸ್ಟ್ 9000 ಸಾಲಿನ ಹಲವು ಸ್ವಿಚ್‌ಗಳಲ್ಲಿ ‘ಪರ್ಪೆಚುಯಲ್ ಪಿಒಇ’, ‘ಫಾಸ್ಟ್ ಪಿಒಇ’ ಇವೆ. ಮೊದಲನೆಯದು ನೀವು ರೀಬೂಟ್ ಕೊಟ್ಟಾಗಲೂ ಕ್ಯಾಮೆರಾಗೆ ಕರೆಂಟ್ ನಿಲ್ಲಿಸುವುದಿಲ್ಲ. ಎರಡನೆಯದು ಕರೆಂಟ್ ಹೋಗಿ ಬಂದಾಗ ಸ್ವಿಚ್ ಪೂರ್ತಿ ಏಳುವುದಕ್ಕೆ ಕಾಯದೆ ಪೋರ್ಟ್‌ಗಳಿಗೆ ಕರೆಂಟ್ ಬಿಡುತ್ತದೆ. ಅರೂಬಾದಲ್ಲಿ ‘ಆಲ್ವೇಸ್ ಆನ್ ಪಿಒಇ’, ‘ಕ್ವಿಕ್ ಪಿಒಇ’ ಹೆಸರು ಹುಡುಕಿ. ನಿಮ್ಮ ಸ್ವಿಚ್‌ನಲ್ಲಿ ಇದ್ದರೆ ಆನ್ ಮಾಡಿ.

ಹಂತ 10: ರೀಬೂಟ್ ಆಗದಂತೆ ನೋಡಿಕೊಳ್ಳಿ

ಅತಿ ಬೇಗದ ರೀಬೂಟ್ ಅಂದರೆ ಆಗದೇ ಇರುವ ರೀಬೂಟ್. ಪಿಒಇ ಇಲ್ಲದ 24 ಪೋರ್ಟಿನ ಸ್ವಿಚ್ 20 ವ್ಯಾಟ್ ಆಸುಪಾಸು, ಫೈಬರ್ ಪೆಟ್ಟಿಗೆ ಮತ್ತು ರೂಟರ್ ಸೇರಿ 15 ವ್ಯಾಟ್ ಅಂದುಕೊಳ್ಳಿ. ಒಟ್ಟು 35. ಸಣ್ಣ ಯುಪಿಎಸ್‌ನಲ್ಲಿರುವ 12 ವೋಲ್ಟ್, 7 ಎಎಚ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 84 ವ್ಯಾಟ್ ಅವರ್. ಅರ್ಧದಷ್ಟು ಕೈಗೆ ಸಿಕ್ಕಿದರೂ ಒಂದು ಗಂಟೆ ನಡೆಯುತ್ತದೆ. ಬಿಲ್ಲಿಂಗ್ ಕಂಪ್ಯೂಟರ್‌ಗಳನ್ನು ಅದೇ ಯುಪಿಎಸ್‌ಗೆ ಹಾಕಬೇಡಿ. ನೆಟ್‌ವರ್ಕ್‌ಗೆ ಅಂತಲೇ ಒಂದು ಇರಲಿ. ಪಿಒಇ ಸ್ವಿಚ್ ಆದರೆ ಕ್ಯಾಮೆರಾಗಳ ವ್ಯಾಟ್ ಕೂಡಿಸಿ ಲೆಕ್ಕ ಹಾಕಿ.

ಮನೆ ಇನ್ವರ್ಟರ್‌ಗೆ ಸ್ವಿಚ್ ಹಾಕಿದವರು ಅದರ ಹಿಂದೆ ಅಥವಾ ಮುಂದೆ ‘ಯುಪಿಎಸ್ ಮೋಡ್’ ಗುಂಡಿ ಇದೆಯಾ ನೋಡಿ. ತುಂಬ ಇನ್ವರ್ಟರ್‌ಗಳಲ್ಲಿ ಎರಡು ಮೋಡ್ ಇರುತ್ತವೆ. ಇನ್ನೊಂದು ಮೋಡ್‌ನಲ್ಲಿದ್ದರೆ ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವ ಆ ಒಂದು ಕ್ಷಣ ಫ್ಯಾನ್, ಲೈಟ್‌ಗೆ ಸಾಕು, ಸ್ವಿಚ್‌ಗೆ ಸಾಲುವುದಿಲ್ಲ. ಲೈಟ್ ಒಂದು ಸಲ ಕಣ್ಣು ಮಿಟುಕಿಸುತ್ತದೆ, ಸ್ವಿಚ್ ರೀಬೂಟ್ ಆಗುತ್ತದೆ. "ಇನ್ವರ್ಟರ್ ಇದ್ರೂ ನೆಟ್ ಹೋಗುತ್ತೆ" ಅನ್ನುವವರು ಮೊದಲು ಈ ಗುಂಡಿ ನೋಡಿ.

ಅರ್ತಿಂಗ್ ಸರಿಯಿದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ಮಳೆಗಾಲಕ್ಕೆ ಮುಂಚೆ ಒಮ್ಮೆ ನೋಡಿಸಿ.

ಹಂತ 11: ಮತ್ತೆ ಅಳೆಯಿರಿ

ಎರಡೂ ಸ್ವಿಚ್‌ನಲ್ಲಿ ಸೇವ್ ಆಗಿದೆ ಅಂತ ಖಾತ್ರಿ ಮಾಡಿಕೊಂಡು ಒಂದೊಂದಾಗಿ ಪ್ಲಗ್ ತೆಗೆದು ಹಾಕಿ. ಹಂತ 1ರಲ್ಲಿ ಬರೆದ ನಾಲ್ಕು ಸಮಯಗಳ ಪಕ್ಕದಲ್ಲೇ ಹೊಸದನ್ನು ಬರೆಯಿರಿ. ಸಿಸ್ಟಮ್ ಲೈಟ್ ಸ್ಥಿರವಾಗಿ ಕೆಲವೇ ಸೆಕೆಂಡಿಗೆ ಕಂಪ್ಯೂಟರ್‌ಗೆ ಐಪಿ ಬರಬೇಕು. ಇನ್ನೂ 30 ಸೆಕೆಂಡ್ ಅಂತರ ಇದ್ದರೆ ಆ ಪೋರ್ಟ್‌ಗೆ ಎಡ್ಜ್ ಬಿಟ್ಟುಹೋಗಿದೆ. ಇನ್ನೂ 169.254 ಬಂದರೆ ಐಪಿ ಹಂಚುವ ರೂಟರ್ ಸ್ವಿಚ್‌ಗಿಂತ ತಡವಾಗಿ ಏಳುತ್ತಿದೆ, ಅದನ್ನು ಮೊದಲು ಯುಪಿಎಸ್‌ಗೆ ಹಾಕಿ. ಹತ್ತು ನಿಮಿಷ ಬಿಟ್ಟು ಲ್ಯಾಗ್‌ನ ಎರಡೂ ಪೋರ್ಟ್‌ಗಳ ಟ್ರಾಫಿಕ್ ಕೌಂಟರ್ ನೋಡಿ. ಒಂದು ಓಡುತ್ತಿದ್ದು ಇನ್ನೊಂದು ನಿಂತಿದ್ದರೆ ಹಂತ 4ಕ್ಕೆ ಹಿಂದಿರುಗಿ.

ಕೊನೆಗೆ ಹೊಸ ಕಾನ್ಫಿಗ್ ಬ್ಯಾಕಪ್ ತೆಗೆದು, ಯಾವ ಪೋರ್ಟ್‌ನಲ್ಲಿ ಏನಿದೆ, ಲ್ಯಾಗ್ ಯಾವ ಎರಡು ಅಂತ ಒಂದು ಹಾಳೆಯಲ್ಲಿ ಬರೆದು ರ‍್ಯಾಕ್‌ನ ಬಾಗಿಲಿನ ಒಳಗಡೆ ಅಂಟಿಸಿ. ಲ್ಯಾಗ್‌ನ ಎರಡು ಕೇಬಲ್‌ಗಳಿಗೆ ಎರಡೂ ತುದಿಯಲ್ಲಿ ಕೆಂಪು ಟೇಪ್ ಸುತ್ತಿ.